ಹಾಲು ರೋಗ ಬಂದ ವರ್ಷ

ನಮ್ಮ ಕಡೆ ರೇಷ್ಮೆ ಹುಳು ಸತ್ತರೆ ಮೊದಲು ಬರುವ ಪ್ರಶ್ನೆ, "ಚಾಕಿ ಎಲ್ಲಿ ತಂದ್ರಿ?" ಚಾಕಿ ಅಂದರೆ ಮರಿಹುಳು. ಆಮೇಲೆ, "ಪಕ್ಕದಲ್ಲಿ ಟೊಮೆಟೊ ಐತಾ?" ಅದಕ್ಕೆ ಹೊಡೆಯುವ ಔಷಧಿ ಹುಳುವಿಗೆ ವಿಷ. ಅಷ್ಟರಲ್ಲಿ ತಪ್ಪು ಮಾಡಿದವನು ಸಿಕ್ಕಿಬಿಡುತ್ತಾನೆ, ಮಾತು ಮುಗಿಯುತ್ತದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಮಾಡುವವರಿಗೆಲ್ಲ ಇದು ಗೊತ್ತಿರುವುದೇ. ಹುಳುಮನೆ ಯಾವಾಗ ತೊಳೆದಿರಿ ಅಂತ ಮಾತ್ರ ನೆಂಟರು, ಸ್ನೇಹಿತರು ಯಾರೂ ಕೇಳುವುದಿಲ್ಲ. ಬೆಳೆ ಹೋದವನ ಮನೆಗೆ ಬಂದು ಹಾಗೆ ಕೇಳಿದರೆ ಅವಮಾನ ಮಾಡಿದಂತೆ ಅಲ್ವಾ?

ರೇಷ್ಮೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನೂರು ಮೊಟ್ಟೆ ಅಂದರೆ ನೂರು ಹುಳು ಅಲ್ಲ. ಒಂದು ಚಿಟ್ಟೆ ಇಟ್ಟಿದ್ದೆಲ್ಲ ಸೇರಿ ಒಂದು ಮೊಟ್ಟೆ ಅಂತ ಲೆಕ್ಕ. ಅದರಲ್ಲಿ ನಾನೂರು, ಐನೂರು ಹುಳು ಬರುತ್ತವೆ. ಅಂದರೆ 100 ಮೊಟ್ಟೆಗೆ 40ರಿಂದ 50 ಸಾವಿರ ಹುಳು. ಗೂಡು ಕಟ್ಟುವ ಮುಂಚೆ ಅವಕ್ಕೆ ನಾಲ್ಕು ಜ್ವರ. ನಿಜವಾದ ಜ್ವರ ಅಲ್ಲ, ಹಳೇ ಚರ್ಮ ಬಿಡುವ ಸಮಯ. ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಇರುತ್ತವೆ. ಮೊದಲ ಎರಡು ಜ್ವರ ಚಾಕಿ ಕೇಂದ್ರದಲ್ಲೇ ಕಳೆಯುತ್ತವೆ. ಆಮೇಲೆ ನಾವು ಮನೆಗೆ ತರುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಹಗಲು ರಾತ್ರಿ ತಿನ್ನುತ್ತವೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಆ ವಾರದಲ್ಲೇ ಹೋಗುತ್ತದೆ. ಆಳಿನ ಕೂಲಿ, ನಮ್ಮ ನಿದ್ದೆ, ಎಲ್ಲವೂ ಆಗಲೇ.

ಹಾಲು ರೋಗ ಕೈಗೆ ಸಿಗುವಷ್ಟು ಕಾಣಿಸುವುದೂ ಹೆಚ್ಚಾಗಿ ಆ ವಾರದಲ್ಲೇ. ದುಡ್ಡೆಲ್ಲ ಹಾಕಿ ಮುಗಿದ ಮೇಲೆ. ಹುಳುವಿನ ಮೈ ಉಬ್ಬುತ್ತದೆ, ಮಿರಮಿರ ಮಿಂಚುತ್ತದೆ, ಗೆಣ್ಣು ಗೆಣ್ಣು ಊದಿಕೊಳ್ಳುತ್ತದೆ. ಮೇವಿನ ಮೇಲೆ ನಿಲ್ಲದೆ ಸ್ಟ್ಯಾಂಡಿನ ಅಂಚಿನಲ್ಲಿ ಸುತ್ತುತ್ತದೆ. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು. ಆ ನೀರಿನಲ್ಲಿ ವೈರಸ್. ಅದು ಸೊಪ್ಪಿನ ಮೇಲೆ ಬಿದ್ದು, ಆ ಸೊಪ್ಪನ್ನು ಇನ್ನೊಂದು ಹುಳು ತಿಂದರೆ ಅದಕ್ಕೂ ಬಂತು.

ಕೆಲವು ವರ್ಷದ ಹಿಂದೆ ನಮ್ಮ ಹುಳುಮನೆಗೆ ಇದು ಬಂತು. ಒಂದು ಬೆಳೆ ಅರ್ಧಕ್ಕರ್ಧ ಹೋಯಿತು. ಮುಂದಿನದು ಚಂದ್ರಂಕಿಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಗೆ, ಹಾಕುವ ಮೊದಲೇ ನೆಲಕಚ್ಚಿತು. ಗುಡಿಸಿ ತಿಪ್ಪೆಗೆ ಹಾಕಿದೆವು. ತಿಪ್ಪೆಗೆ ಹಾಕಿದ್ದು ಯಾಕೆ ಹೇಳುತ್ತಿದ್ದೇನೆ ಅಂದರೆ ಆಮೇಲೆ ಅದರ ಮಾತೂ ಬರುತ್ತದೆ.

ಸತ್ತ ಹುಳುಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಚಾಕಿ ಕೇಂದ್ರಕ್ಕೆ ಹೋದೆ. ಅಲ್ಲಿ ನಾಲ್ಕೈದು ಜನ ರೈತರು ಕೂತಿದ್ದರು. ಅವರ ಮುಂದೆಯೇ ಮೇಜಿನ ಮೇಲೆ ಸುರಿದೆ. ಬಾಯಿಗೆ ಬಂದ ಹಾಗೆ ಬೈದೆ. ಕೇಂದ್ರದವರು ಎದುರು ಮಾತಾಡಲಿಲ್ಲ. ರಿಜಿಸ್ಟರ್ ತೆಗೆದು, ನನ್ನ ಜೊತೆ ಅದೇ ದಿನ ಅದೇ ಬ್ಯಾಚಿನ ಹುಳು ತಗೊಂಡವರ ಹೆಸರು ತೋರಿಸಿದರು. "ಫೋನ್ ಮಾಡಿ ಕೇಳ್ಕೊಳ್ಳಿ" ಅಂದರು. ಅಲ್ಲಿ ಮಾಡಲಿಲ್ಲ. ದಾರಿಯಲ್ಲಿ ಬೈಕ್ ನಿಲ್ಲಿಸಿ ಮಾಡಿದೆ. ಒಬ್ಬರದು ಗೂಡು ಬಿಡಿಸಿ ಶಿಡ್ಲಘಟ್ಟ ಮಾರುಕಟ್ಟೆಗೆ ಹೋಗಿತ್ತು. ಇನ್ನೊಬ್ಬರು ಬಿಡಿಸುತ್ತಿದ್ದರು. ಬೆಳೆ ಚೆನ್ನಾಗಿ ಬಂದಿದೆ ಅಂದರು.

ಇಷ್ಟು ಕೇಳಿದ ಮೇಲೆ ಮನುಷ್ಯನಿಗೆ ಅನುಮಾನ ತನ್ನ ಮೇಲೆ ಬರಬೇಕು. ನನಗೆ ಬಂದದ್ದು ಅಣ್ಣನ ಮೇಲೆ.

ಅಣ್ಣನ ಹೊಲ ನಮ್ಮ ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡೇ ಇದೆ. ಭಾಗ ಆದ ಮೇಲೆ ಬೋರ್‌ವೆಲ್ ಮಾತ್ರ ಜಂಟಿ, ಸರದಿ ಪ್ರಕಾರ ನೀರು. ಸಾವಿರ ಅಡಿ ದಾಟಿದರೂ ನೀರು ಸಿಗದ ಜಿಲ್ಲೆಯಲ್ಲಿ ಜಂಟಿ ಬೋರ್‌ವೆಲ್ ಅಂದರೆ ಏನು ಅಂತ ನಿಮಗೇ ಗೊತ್ತು. ಅಣ್ಣ ಟೊಮೆಟೊ ಹಾಕುತ್ತಾನೆ. ಟೊಮೆಟೊಗೆ ಔಷಧಿ ಹೊಡೆಯದೆ ಆಗುವುದಿಲ್ಲ. ಅದು ಗಾಳಿಗೆ ನಮ್ಮ ಸೊಪ್ಪಿನ ಮೇಲೆ ಬೀಳುತ್ತದೆ. ಹಿಂದೊಮ್ಮೆ ನಿಜವಾಗಲೂ ಹಾಗಾಗಿ ಹುಳು ಸತ್ತಿದ್ದವು. ಹಾಗಾಗಿ ಅವನನ್ನು ಬೈಯುವುದಕ್ಕೆ ನನ್ನ ಹತ್ತಿರ ಹಳೇ ಕಾರಣ ಸಿದ್ಧವಾಗಿತ್ತು. ಊರವರೂ ನಂಬುತ್ತಿದ್ದರು.

ಆದರೆ ಔಷಧಿ ತಗುಲಿದ ಹುಳು ಹೇಗೆ ಸಾಯುತ್ತದೆ ಅಂತ ನಾನು ನೋಡಿದ್ದೆನಲ್ಲ. ತಲೆ ಎತ್ತಿ ಒದ್ದಾಡುತ್ತದೆ, ಬಾಯಿಂದ ಹಸಿರು ನೀರು ಕಕ್ಕುತ್ತದೆ, ಬೇಗ ಸಾಯುತ್ತದೆ. ಈ ಸಲ ಹಾಗೇನೂ ಇರಲಿಲ್ಲ. ಉಬ್ಬಿದ ಮೈ, ಬಿಳಿ ನೀರು, ದಿನ ಕಳೆದ ಹಾಗೆ ಹೆಚ್ಚುವ ಸಾವು. ಇದು ಹಾಲು ರೋಗ ಅಂತ ನನ್ನ ಕಣ್ಣಿಗೆ ಗೊತ್ತಿತ್ತು. ಗೊತ್ತಿದ್ದೂ ಅಣ್ಣನ ಮನೆ ಮುಂದೆ ನಿಂತು, "ವಿಷ ಹಾಕಿ ಸಾಯಿಸಿದೆ" ಅಂತ ಕೂಗಿದೆ. ಅತ್ತಿಗೆ ಬಾಗಿಲು ಹಾಕಿಕೊಂಡರು. ಸಿಟ್ಟು ಕಣ್ಣು ಮುಚ್ಚಿಸುತ್ತದೆ ಅನ್ನುತ್ತಾರೆ. ನನ್ನ ಅನುಭವದಲ್ಲಿ ಕಣ್ಣು ತೆರೆದೇ ಇತ್ತು. ಕಂಡದ್ದನ್ನು ಬಾಯಿ ಹೇಳಲಿಲ್ಲ, ಅಷ್ಟೇ.

ಆ ತಿಂಗಳುಗಳಲ್ಲಿ ನಾನು ಯಾರನ್ನೂ ಬಿಡಲಿಲ್ಲ. ಎಚ್.ಎನ್. ವ್ಯಾಲಿ ಯೋಜನೆಯ ನೀರು ಕೆರೆಗಳಿಗೆ ಬಂದಿದ್ದರಿಂದಲೇ ಸೊಪ್ಪು ಕೆಟ್ಟಿದೆ ಅಂತ ಟೀ ಅಂಗಡಿಯಲ್ಲಿ ವಾದ ಮಾಡಿದೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆ ತುಂಬಿಸುವುದರ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಎರಡು ಮಾತಿದೆ. ಅದು ಬೇರೆ ವಿಷಯ, ಕೇಳಬೇಕಾದ ಪ್ರಶ್ನೆಗಳೂ ಇವೆ. ಆದರೆ ನಮ್ಮೂರ ಕೆರೆಗೆ ಆ ನೀರು ಬಂದೇ ಇರಲಿಲ್ಲ! ಪಕ್ಕದಲ್ಲಿ ಕೂತಿದ್ದವರು ಅದನ್ನು ಹೇಳಿದಾಗ ಅವರ ಮೇಲೂ ರೇಗಿದೆ.

ದೇವರನ್ನೂ ಬಿಡಲಿಲ್ಲ. ಬೆಳೆ ಕೈಗೆ ಬಂದರೆ ತಿರುಪತಿಗೆ ಬಂದು ಮುಡಿ ಕೊಡುತ್ತೇನೆ ಅಂತ ಹರಕೆ ಹೊತ್ತಿದ್ದೆ. ಬೆಳೆ ಬರಲಿಲ್ಲ. ನಾನು ಕೊಡುತ್ತೇನೆ ಅಂದರೂ ಅವನಿಗೆ ಬೇಡವಾಯಿತು ಅಂತ ದೀಪ ಹಚ್ಚುವುದನ್ನೇ ನಿಲ್ಲಿಸಿದೆ. ಹೆಂಡತಿ ಹಚ್ಚಿದರೆ, "ಎಣ್ಣೆ ದಂಡ" ಅನ್ನುತ್ತಿದ್ದೆ.

ಮಗ ಆಗ ಹತ್ತನೇ ಕ್ಲಾಸು. ಮೊದಲು ಸಂಜೆ ಸೊಪ್ಪು ಹಾಕಲು ಬರುತ್ತಿದ್ದ. ಆಮೇಲೆ ಬರುವುದನ್ನು ಬಿಟ್ಟ. ಓದು ಜಾಸ್ತಿ ಇದೆ ಅಂತ ಹೇಳುತ್ತಿದ್ದ.

ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಿಂದ ಒಬ್ಬರು ಬಂದರು. ನಾನು ಕರೆದದ್ದು ಚಾಕಿಯವರ ಮೇಲೆ ರಿಪೋರ್ಟ್ ಬರೆಸಿಕೊಳ್ಳೋಣ ಅಂತ. ಅವರು ಹುಳುಮನೆ ಒಳಗೆ ಹೋಗಿ ನೆಲ ನೋಡಿದರು. ನೆಲದಲ್ಲಿ ಸಣ್ಣ ಸಣ್ಣ ಬಿರುಕು, ಅದರಲ್ಲಿ ಹಳೇ ಹಿಕ್ಕೆಯ ಪುಡಿ. ಮೂಲೆಯಲ್ಲಿ ಬ್ಲೀಚಿಂಗ್ ಪೌಡರಿನ ಚೀಲ ಬಾಯಿ ತೆರೆದುಕೊಂಡು ಬಿದ್ದಿತ್ತು. ಕೈಯಲ್ಲಿ ಸ್ವಲ್ಪ ತಗೊಂಡು ಮೂಸಿದರು. "ಇದರಲ್ಲಿ ಏನೂ ಉಳಿದಿಲ್ಲ. ಕ್ಲೋರಿನ್ ಎಲ್ಲಾ ಹಾರಿಹೋಗಿದೆ. ಸುಣ್ಣ ಬಳಿದ ಹಾಗೆ ಅಷ್ಟೇ" ಅಂದರು. ಕಿಟಕಿಯಿಂದ ತಿಪ್ಪೆ ಕಾಣುತ್ತಿತ್ತು. ಸತ್ತ ಹುಳು ಎಲ್ಲಿ ಹಾಕಿದ್ದು ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಅವರು ತಿಪ್ಪೆ ಕಡೆ ಒಮ್ಮೆ ನೋಡಿ, ಅಲ್ಲಿಂದ ಹುಳುಮನೆ ಬಾಗಿಲಿಗೆ ಬರುವ ಕಾಲುದಾರಿ ನೋಡಿದರು. ಅದೇ ಮಣ್ಣು ತುಳಿದುಕೊಂಡು ನಾವು ಒಳಗೆ ಓಡಾಡುತ್ತಿದ್ದೆವು.

ಆಮೇಲೆ ಕೇಳಿದರು, "ಅಂಚಿನಲ್ಲಿ ಓಡಾಡೋ ಹುಳು ಮೊದಲು ಯಾವಾಗ ಕಾಣಿಸ್ತು?"

"ನಾಲ್ಕನೇ ಜ್ವರ ಎದ್ದ ಮೇಲೆ" ಅಂದೆ.

ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ, "ಇಲ್ಲ ಸಾರ್, ಮೂರನೇ ಜ್ವರ ಎದ್ದಾಗಲೇ ಒಂದೆರಡು ನೋಡಿದ್ದೆ" ಅಂದಳು.

ನಾನು ತಿರುಗಿ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಅವರಿಗೇ ಹೇಳಿದಳು. "ಹೇಳಿದ್ರೆ ಬೈತಾರೆ ಸಾರ್. ನಾನು ಸೊಪ್ಪು ಸರಿಯಾಗಿ ಹಾಕಿಲ್ಲ, ಒದ್ದೆ ಸೊಪ್ಪು ತಂದಿದ್ದೀಯ ಅಂತಾರೆ. ಅದಕ್ಕೇ ಸುಮ್ನೆ ಆರಿಸಿ ಆಚೆ ಹಾಕ್ತಿದ್ದೆ."

ಅವರು ಏನೂ ಹೇಳಲಿಲ್ಲ. ಬರೆದುಕೊಂಡರು. ಹೊಸ ಚೀಲ ತರುವುದಕ್ಕೆ, ಅಳತೆಗೆ, ಎಲ್ಲಕ್ಕೂ ಒಂದು ಚೀಟಿ ಕೊಟ್ಟು ಹೋದರು.

ನಮ್ಮ ಕೆಲಸದಲ್ಲಿ ಹುಳುವಿನ ಹತ್ತಿರ ಜಾಸ್ತಿ ಹೊತ್ತು ಇರುವುದು ಹೆಂಗಸರೇ. ಗಂಡಸರು ಸೊಪ್ಪು ಕಡಿದು ತರುತ್ತೇವೆ, ಮಾರುಕಟ್ಟೆಗೆ ಹೋಗುತ್ತೇವೆ, ರೇಟು ಮಾತಾಡುತ್ತೇವೆ. ಯಾವ ಸ್ಟ್ಯಾಂಡಿನಲ್ಲಿ ಹುಳು ಮಂಕಾಗಿದೆ ಅಂತ ಮೊದಲು ಗೊತ್ತಾಗುವುದು ಅವರಿಗೆ. ಮೂರನೇ ಜ್ವರದಲ್ಲೇ ನನಗೆ ಗೊತ್ತಾಗಿದ್ದರೆ ಇಡೀ ಬೆಳೆ ಉಳಿಯುತ್ತಿತ್ತು ಅಂತ ಹೇಳಲಾರೆ. ರೋಗ ಬಂದ ಹುಳುವನ್ನು ವಾಸಿ ಮಾಡುವ ಔಷಧಿ ಇಲ್ಲ. ಆದರೆ ಆರಿಸಿ ತೆಗೆದು, ಸುಣ್ಣದ ಪುಡಿ, ವಿಜೇತ ಅನ್ನುವ ಸೋಂಕುನಾಶಕ ಪುಡಿ ಧೂಳಿಸಿ, ಉಳಿದವನ್ನು ಬೇರೆ ಮಾಡಬಹುದಿತ್ತು. ಆ ದಿನಗಳು ಹೋದವು. ಯಾರಿಂದ ಹೋದವು ಅಂತ ಹುಡುಕಲು ಚಾಕಿ ಕೇಂದ್ರಕ್ಕೂ ಹೋಗಬೇಕಿರಲಿಲ್ಲ, ಅಣ್ಣನ ಮನೆಗೂ ಹೋಗಬೇಕಿರಲಿಲ್ಲ.

ಇದು ಗೊತ್ತಾದ ತಕ್ಷಣ ನಾನು ಬದಲಾದೆ ಅಂದುಕೊಳ್ಳಬೇಡಿ. ಆ ರಾತ್ರಿ ಹೆಂಡತಿಯ ಮೇಲೆ, "ಹೊರಗಿನವರ ಮುಂದೆ ಮಾನ ತೆಗೆದೆ" ಅಂತ ಕೂಗಾಡಿದೆ. ಅವಳು ಎದ್ದು ಒಳಗೆ ಹೋದಳು. ಬರೆಯುವಾಗ ಈ ಸಾಲು ಬಿಟ್ಟುಬಿಡೋಣ ಅನ್ನಿಸಿತು.

ನಮ್ಮ ಸೋದರತ್ತೆಗೆ ಎಪ್ಪತ್ತು ದಾಟಿದೆ. ಕೈವಾರದ ತಾತಯ್ಯನ ಭಕ್ತೆ. ಹುಣ್ಣಿಮೆಗೆ ಭಜನೆ ಮಂಡಳಿಯವರ ಜೊತೆ ಹೋಗಿಬರುತ್ತಾಳೆ. ಗುರು ಪೂರ್ಣಿಮೆಯ ಸಂಗೀತೋತ್ಸವಕ್ಕಂತೂ ಮನೆಯಲ್ಲಿ ಏನೇ ಇದ್ದರೂ ಬಿಟ್ಟು ಹೋಗುತ್ತಾಳೆ. ಮೃದುವಾದ ಹೆಂಗಸೇನಲ್ಲ. ಮಾತು ಕಡ್ಡಿ ಮುರಿದ ಹಾಗೆ. ಅಣ್ಣನ ಮನೆ ಮುಂದೆ ನಾನು ಕೂಗಾಡಿದ್ದು ಅವಳ ಕಿವಿಗೂ ಬಿದ್ದಿತ್ತು. "ನಾಳೆ ಕೈವಾರಕ್ಕೆ ಬೈಕಲ್ಲಿ ಬಿಟ್ಟು ಬಾ" ಅಂದಳು. ಬಸ್ಸಿದೆಯಲ್ಲ ಅಂದೆ. "ಬಸ್ಸಿರೋದು ನಂಗೂ ಗೊತ್ತು" ಅಂದಳು.

ಈ ಕಡೆಯವರಿಗೆ ತಾತಯ್ಯನ ಕಥೆ ಹೇಳಬೇಕಿಲ್ಲ. ದೂರದವರಿಗೆ ಹೇಳುತ್ತೇನೆ. ನಾರಣಪ್ಪ ಅಂತ ಹೆಸರು. ಊರೂರು ಸುತ್ತಿ ಬಳೆ ಮಾರುತ್ತಿದ್ದ ಸಂಸಾರಿ. 1726ರಲ್ಲಿ ಹುಟ್ಟಿ 1836ರವರೆಗೆ, 110 ವರ್ಷ ಬಾಳಿದರು ಅಂತ ಹೇಳುತ್ತಾರೆ. ಪರದೇಶಿ ಸ್ವಾಮಿ ಅನ್ನುವ ಗುರು ಅವರಿಗೆ ಒಂದು ಕಲ್ಲಿನ ಹರಳು ಕೊಟ್ಟರು. ಇದನ್ನು ಬಾಯಲ್ಲಿಟ್ಟುಕೊಂಡು ನಾರಾಯಣನ ಅಷ್ಟಾಕ್ಷರಿ ಜಪಿಸು, ಇದು ಕಲ್ಲುಸಕ್ಕರೆ ಆಗುವವರೆಗೂ ಬಿಡಬೇಡ ಅಂದರಂತೆ. ನಾರಣಪ್ಪ ಬೆಟ್ಟದ ನರಸಿಂಹ ಗುಹೆಯಲ್ಲಿ ಕೂತು ಜಪ ಮಾಡಿದರು. ಕೊನೆಗೆ ಕಲ್ಲು ಕರಗಿ ಕಲ್ಲುಸಕ್ಕರೆ ಆಯಿತು. ಬಳೆ ಮಾರುವವರು ಯೋಗಿ ನಾರೇಯಣ ಯತೀಂದ್ರರಾದರು. ಅಮರನಾರೇಯಣ ಅನ್ನುವ ಅಂಕಿತದಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಹಾಡಿದರು.

ಚಿಕ್ಕಂದಿನಿಂದ ಕೇಳಿದ ಕಥೆ. ಅವತ್ತು ಅತ್ತೆ ದೇವಸ್ಥಾನದ ಹೊರಗೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ್ದು ಮಾತ್ರ ಮೊದಲು ಕೇಳಿರಲಿಲ್ಲ. "ಕಲ್ಲು ಸಕ್ಕರೆ ಆಯ್ತು, ಸಕ್ಕರೆ ಆಯ್ತು ಅಂತ ಎಲ್ಲಾರೂ ಹೇಳ್ತಾರೆ. ಆಗೋವರೆಗೂ ಆಯಪ್ಪ ಬಾಯಿ ಮುಚ್ಕೊಂಡಿದ್ದ ನೋಡು, ಅದನ್ನ ಯಾರೂ ಹೇಳಲ್ಲ. ಬಾಯಲ್ಲಿ ಕಲ್ಲಿದ್ರೆ ಯಾರನ್ನ ಬೈತೀಯ?"

ನನಗೆ ನಗು ಬಂತು. ಸಿಟ್ಟೂ ಬಂತು. ನನ್ನನ್ನು ಕರೆದುಕೊಂಡು ಬಂದದ್ದು ಇದಕ್ಕೇ ಅಂತ ಗೊತ್ತಾಯಿತು.

ಬೆಟ್ಟದ ಗುಹೆಗೂ ಹೋಗಿ ಬಂದೆ. ದೊಡ್ಡ ಅನುಭವ ಏನೂ ಆಗಲಿಲ್ಲ. ಕಣ್ಣು ಮುಚ್ಚಿದರೆ ಚಾಕಿ ಕೇಂದ್ರದ ರಿಜಿಸ್ಟರ್ ಕಾಣುತ್ತಿತ್ತು. ಕೈ ಮುಗಿದು ನಿಂತಿದ್ದಾಗ ಮನಸ್ಸಿನಲ್ಲಿ ಏನು ಓಡುತ್ತಿದೆ ಅಂತ ಮೊದಲ ಸಲ ಗಮನಿಸಿದೆ. ನನ್ನ ಪ್ರಾರ್ಥನೆ ಪೊಲೀಸ್ ಠಾಣೆಯಲ್ಲಿ ಬರೆದುಕೊಡುವ ದೂರಿನ ಥರ ಇತ್ತು. ಇವನು ಹೀಗೆ ಮಾಡಿದ, ಅವಳು ಹೀಗೆ ಅಂದಳು, ಇವರಿಗೆ ಬುದ್ಧಿ ಕಲಿಸು, ನನಗೆ ನಷ್ಟ ತುಂಬಿಕೊಡು. ಕೊನೆಯಲ್ಲಿ ನನ್ನ ಹೆಸರು, ಸಹಿ. ಎಷ್ಟೋ ವರ್ಷದಿಂದ ಇದನ್ನೇ ಭಕ್ತಿ ಅಂದುಕೊಂಡಿದ್ದೆ.

ಮನೆಗೆ ಬಂದು ಕಲ್ಲಿನ ಪ್ರಯೋಗ ಮಾಡಿದೆ. ನಗಬೇಡಿ. ಹೊಲದಲ್ಲಿ ಸಿಕ್ಕ ಒಂದು ನುಣ್ಣನೆ ಬೆಣಚುಕಲ್ಲು ತೊಳೆದು ಬಾಯಲ್ಲಿ ಇಟ್ಟುಕೊಂಡು ಸೊಪ್ಪು ಕಡಿಯಲು ಹೋದೆ. ಬಗ್ಗಿದಾಗ ಗಂಟಲಿಗೆ ಹೋಗುವುದರಲ್ಲಿತ್ತು. ಕಲ್ಲು ಬೇಡ, ಕಲ್ಲುಸಕ್ಕರೆಯೇ ಇಟ್ಟುಕೊಳ್ಳೋಣ ಅಂತ ಅಂಗಡಿಯಿಂದ ತಂದೆ. ಅದು ಕರಗುವಷ್ಟರಲ್ಲಿ ಬೈಗುಳ ಶುರುವಾಗುತ್ತಿತ್ತು. ಮಗನಿಗೆ ಇದು ಗೊತ್ತಾಗಿ, "ಅಪ್ಪ, ಶುಗರ್ ಬರುತ್ತೆ" ಅಂದ. ಅವನು ನನ್ನ ಜೊತೆ ತಮಾಷೆ ಮಾಡಿ ಬಹಳ ದಿನ ಆಗಿತ್ತು.

ಕೊನೆಗೆ ಉಳಿದದ್ದು ಬರೀ ಜಪ. ನಿಯಮ ಸಣ್ಣದು. ಸಿಟ್ಟು ಬಂದಾಗ ಫೋನ್ ಮುಟ್ಟುವ ಹಾಗಿಲ್ಲ, ಹುಳುಮನೆ ಬಾಗಿಲು ದಾಟುವ ಹಾಗಿಲ್ಲ. ಹೊರಗೆ ಕಲ್ಲಿನ ಮೇಲೆ ಕೂತು "ಓಂ ನಮೋ ನಾರಾಯಣಾಯ" ಅನ್ನಬೇಕು, ಉಸಿರು ಸರಿಯಾಗುವವರೆಗೆ. ಮೊದಮೊದಲು ಅದನ್ನೂ ಹಲ್ಲು ಕಚ್ಚಿಕೊಂಡೇ ಹೇಳುತ್ತಿದ್ದೆ. ನಾರಾಯಣ ಅನ್ನುವ ಹೆಸರು ಬೈಗುಳದ ಹಾಗೆ ಕೇಳಿಸುತ್ತಿತ್ತು ಅಂತ ಹೆಂಡತಿ ಆಮೇಲೆ ಹೇಳಿದಳು.

ನಡುವೆ ಒಂದು ದಿನ, ಯಾವ ವಿಶೇಷವೂ ಇಲ್ಲದ ದಿನ, ಅಲ್ಲೇ ಕೂತಿದ್ದಾಗ ಒಂದು ವಿಷಯ ಹೊಳೆಯಿತು. ಯಾರ ತಪ್ಪು ಎಷ್ಟು ಅಂತ ಲೆಕ್ಕ ಇಡುವುದೇ ನನಗೆ ದಿನವಿಡೀ ಕೆಲಸವಾಗಿತ್ತು. ಚಾಕಿಯವರದು ಇಷ್ಟು, ಅಣ್ಣನದು ಇಷ್ಟು, ಹೆಂಡತಿಯದು ಇಷ್ಟು. ಆ ಲೆಕ್ಕ ನಾನು ಬಿಟ್ಟರೆ ಅವರೆಲ್ಲ ತಪ್ಪಿಸಿಕೊಂಡುಬಿಡುತ್ತಾರೆ ಅನ್ನುವ ಭಯ. ಲೆಕ್ಕ ನೋಡುವವನು ಬೇರೊಬ್ಬ ಇದ್ದಾನೆ, ಅವನಿಗೆ ಎಲ್ಲಾ ಕಾಣುತ್ತದೆ, ನಾನು ನೆನಪಿಸುವುದು ಬೇಕಿಲ್ಲ ಅಂತ ನಂಬಿಕೆ ಬಂದ ಮೇಲೆ ಆ ಭಯ ಸಡಿಲವಾಯಿತು. ಅವನಿಗೆ ಎಲ್ಲಾ ಕಾಣುತ್ತದೆ ಅಂದರೆ ನನ್ನ ಬಾಯಿ ತೆರೆದ ಬ್ಲೀಚಿಂಗ್ ಚೀಲವೂ ಕಾಣುತ್ತದೆ ಅಂತಾಯಿತಲ್ಲ. ಅದೂ ಆಗಲೇ ಹೊಳೆದದ್ದು.

ಆಮೇಲೆ ಮಾಡಿದ್ದು ಬರೀ ಮೈಬಗ್ಗಿಸುವ ಕೆಲಸ. ನೆಲದ ಬಿರುಕಿಗೆ ಸಿಮೆಂಟ್ ತುಂಬಿಸಿದೆ. ಹೊಸ ಬ್ಲೀಚಿಂಗ್ ಪೌಡರ್ ತಂದು ಬಾಯಿ ಕಟ್ಟಿ ಇಟ್ಟೆ. ಎರಡು ಪರ್ಸೆಂಟ್ ದ್ರಾವಣ, ಅಂದರೆ 10 ಲೀಟರ್ ನೀರಿಗೆ 200 ಗ್ರಾಂ ಪೌಡರ್, ಜೊತೆಗೆ 30 ಗ್ರಾಂ ಅರಳಿಸಿದ ಸುಣ್ಣದ ಪುಡಿ. ಗೋಡೆ, ನೆಲ, ಸ್ಟ್ಯಾಂಡು, ಬಲೆ, ಚಂದ್ರಂಕಿ ಒಂದೂ ಬಿಡದೆ ನೆನೆಯುವ ಹಾಗೆ ಹೊಡೆದು ಬಾಗಿಲು ಮುಚ್ಚಿದೆ. ಕಣ್ಣಲ್ಲಿ ನೀರು, ಮೂಗು ಉರಿ. ಈ ಕೆಲಸಕ್ಕೆ ಮೊದಲೆಲ್ಲ ಆಳು ಕಳಿಸುತ್ತಿದ್ದೆ, ಅವನು ಅರ್ಧ ಹೊಡೆದು ಹೋಗುತ್ತಿದ್ದ. ತಿಪ್ಪೆಯನ್ನು ಹೊಲದ ಆ ತುದಿಗೆ ಸಾಗಿಸಿದೆ. ಬಾಗಿಲಲ್ಲಿ ಬೇರೆ ಚಪ್ಪಲಿ, ಕೈ ತೊಳೆಯಲು ಬಕೆಟ್. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಸಾಯಿಸುವ ಊಜಿ ನೊಣ ಬಾರದಂತೆ ಕಿಟಕಿಗೆ ಕಟ್ಟಿದ್ದ ಬಲೆ ಹರಿದಿತ್ತು, ಹೊಸದು ಹೊಲಿಸಿದೆ. ರೋಗದ ಹುಳು ಹಾಕಲು ಒಂದು ಡಬ್ಬ, ಒಳಗೆ ಬ್ಲೀಚಿಂಗ್ ನೀರು. ತುಂಬಿದರೆ ದೂರದಲ್ಲಿ ಗುಂಡಿ ತೋಡಿ ಮುಚ್ಚುವುದು.

ಹೆಂಡತಿಗೆ ಹೇಳಿದೆ, "ಯಾವ ಹುಳು ಕಂಡ್ರೂ ಆವಾಗ್ಲೇ ಹೇಳು. ನಾನು ಬೈದ್ರೆ ಅತ್ತೆಗೆ ಫೋನ್ ಮಾಡು." ಅವಳು ನಂಬಲಿಲ್ಲ. ನಂಬದಿರುವುದಕ್ಕೆ ಅವಳಿಗೆ ಕಾರಣವಿತ್ತು. ಬಹಳ ದಿನ ಅವಳು ಮಗನ ಕೈಯಲ್ಲಿ ಹೇಳಿ ಕಳಿಸುತ್ತಿದ್ದಳು. "ಅಮ್ಮ ಹೇಳ್ತು, ಮೂರನೇ ಸ್ಟ್ಯಾಂಡಲ್ಲಿ ಎರಡು ಇದೆಯಂತೆ." ಅವನು ಹುಳುಮನೆಗೆ ಮತ್ತೆ ಬರತೊಡಗಿದ್ದು ಹೀಗೆ, ವರದಿಗಾರನಾಗಿ.

ಚಾಕಿ ಕೇಂದ್ರಕ್ಕೆ ಹೋಗಿ ಅದೇ ಮೇಜಿನ ಮುಂದೆ ತಪ್ಪಾಯಿತು ಅಂದೆ. ಅವರು, "ಪರವಾಗಿಲ್ಲ, ಆದರೆ ನಿಮಗೆ ಇನ್ನು ಮೇಲೆ ಕ್ಯಾಶ್ ಮಾತ್ರ" ಅಂದರು. ಸರಿ ಅಂದೆ.

ಅಣ್ಣನ ಹತ್ತಿರ ಹೋಗುವುದು ಕಷ್ಟವಾಯಿತು. ಚಾಕಿಯವರು ಹೊರಗಿನವರು, ಅಣ್ಣ ಹಾಗಲ್ಲ. ಅವನ ಹತ್ತಿರ ನನ್ನ ಹಳೇ ನೋವೂ ಇತ್ತು. ಭಾಗ ಮಾಡುವಾಗ ರಸ್ತೆ ಬದಿಯ ಜಾಗ ಅವನಿಗೆ ಹೋಯಿತು ಅನ್ನುವುದು. ಅದು ಇವತ್ತಿಗೂ ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ನನ್ನ ತಪ್ಪು ಒಪ್ಪಿಕೊಂಡರೆ ಅವನದೆಲ್ಲ ಸರಿ ಅಂತಾಗುತ್ತದಲ್ಲ ಅಂತ ಒಳಗೆ ಕುದಿಯುತ್ತಿತ್ತು. ಅತ್ತೆಗೆ ಇದನ್ನು ಹೇಳಿದೆ. "ಜಮೀನಿಂದು ಬೇರೆ ದಿನ ಜಗಳಾಡ್ಕೋ. ಇವತ್ತು ಹುಳುವಿಂದು ಮಾತ್ರ ಹೇಳಿ ಬಾ" ಅಂದಳು. ಅದು ನನಗೆ ಹಿಡಿಸಿತು. ಎಲ್ಲವನ್ನೂ ಒಂದೇ ಸಲ ಕ್ಷಮಿಸಿಬಿಡಬೇಕು ಅಂತ ಹೇಳುವವರ ಮಾತು ನನಗೆ ಯಾವತ್ತೂ ನಾಟಿಲ್ಲ.

ಹೋಗಿ ಹೇಳಿದೆ. ನಿನ್ನ ಔಷಧಿಯಿಂದ ಸತ್ತದ್ದಲ್ಲ, ಹಾಲು ರೋಗ, ನನಗೆ ಆವತ್ತೇ ಗೊತ್ತಿತ್ತು ಅಂತ. ಅಣ್ಣ ಟೊಮೆಟೊ ಕ್ರೇಟು ಜೋಡಿಸುತ್ತಿದ್ದವನು ಜೋಡಿಸುತ್ತಲೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ, "ಗೊತ್ತಿದ್ದೂ ಕೂಗಿದ್ಯಾ?" ಅಂದ. ಹೌದು ಅಂದೆ. "ಥೂ" ಅಂದ. ಅತ್ತಿಗೆ ಟೀ ತಂದುಕೊಟ್ಟರು. ಕುಡಿದು ಬಂದೆ. ತಬ್ಬಿಕೊಂಡು ಅಳುವುದೆಲ್ಲ ಏನೂ ನಡೆಯಲಿಲ್ಲ. ಆದರೆ ಮುಂದೆ ಔಷಧಿ ಹೊಡೆಯುವ ಹಿಂದಿನ ದಿನ ಫೋನ್ ಬಂತು. "ನಾಳೆ ಬೆಳಿಗ್ಗೆ ಹೊಡೀತೀನಿ, ಆ ಕಡೆ ಸೊಪ್ಪು ಇವತ್ತೇ ಕೊಯ್ಕೋ."

ಮುಂದಿನ ಬೆಳೆ ಹೇಗಾಯಿತು ಅಂತ ಕೇಳುತ್ತೀರಿ. ಚೆನ್ನಾಗಿತ್ತು, ಅಬ್ಬರವೇನಿಲ್ಲ. ಹಾಲು ರೋಗದ ಹುಳು ಆಗಲೂ ಕಂಡವು. ಹಳೇ ಧೂಳಿನಲ್ಲಿ ಆ ವೈರಸ್ ವರ್ಷಗಟ್ಟಲೆ ಇರಬಲ್ಲದು ಅಂತ ಅಧಿಕಾರಿ ಮೊದಲೇ ಹೇಳಿದ್ದರು. ಆದರೆ ಡಬ್ಬಕ್ಕೆ ಬಿದ್ದವು, ಹರಡಲಿಲ್ಲ. ಹುಳು ಗೂಡು ಕಟ್ಟುವಷ್ಟು ಹಣ್ಣಾಗಿ ಚಂದ್ರಂಕಿ ಏರಿದವು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಇ-ಹರಾಜಿಗೆ ಹಾಕಿದೆವು. ಅವತ್ತಿನ ರೇಟು ನಡುಮಟ್ಟದ್ದು. ಒಪ್ಪಿಕೊಂಡು ಬಂದೆ. ಹಿಂದಿನ ನಾನಾಗಿದ್ದರೆ ಗೂಡು ಕೊಂಡು ನೂಲು ತೆಗೆಯುವ ರೀಲರುಗಳೆಲ್ಲ ಸೇರಿ ಮೋಸ ಮಾಡಿದರು ಅಂತ ಅಲ್ಲೇ ಜಗಳ ತೆಗೆಯುತ್ತಿದ್ದೆ.

ನನ್ನ ಸ್ನೇಹಿತನೊಬ್ಬ ದೇವರನ್ನು ನಂಬುವುದಿಲ್ಲ. ಅವನು ಕೇಳಿದ, "ಬ್ಲೀಚಿಂಗ್ ಹಾಕಿದ್ದಕ್ಕೆ ಬೆಳೆ ಬಂತು, ಇದರಲ್ಲಿ ತಾತಯ್ಯ ಏನು ಮಾಡಿದ?" ಅವನು ಹೇಳುವುದು ಸರಿ. ಜಪದಿಂದ ವೈರಸ್ ಸಾಯುವುದಿಲ್ಲ. ಆದರೆ ಬ್ಲೀಚಿಂಗ್ ಪೌಡರ್ ಅಂಗಡಿಯಲ್ಲಿ ಮೊದಲಿನಿಂದಲೂ ಇತ್ತು. ಹೊಡೆಯುವ ಅಳತೆಯ ಪಾಂಪ್ಲೆಟ್ ನಮ್ಮ ಗೋಡೆಗೇ ಅಂಟಿಸಿತ್ತು. ಹೆಂಡತಿಗೆ ಕಣ್ಣೂ ಮೊದಲಿನಿಂದಲೂ ಇತ್ತು. ಇದನ್ನು ಅವನಿಗೆ ಹೇಳಿದೆ. ಅವನು ಒಪ್ಪಲಿಲ್ಲ, "ಅದನ್ನ ದೇವರಿಲ್ಲದೆಯೂ ಮಾಡಬಹುದಿತ್ತು" ಅಂದ. ಇರಬಹುದು. ನನಗೆ ಆಗಿರಲಿಲ್ಲ.

ತಿರುಪತಿಗೆ ಹೋಗಿ ಮುಡಿ ಕೊಟ್ಟೆ. ಹರಕೆ ತೀರಿಸುವುದಕ್ಕೆ ಅಲ್ಲ, ಏನೂ ಕೇಳದೆ ಒಮ್ಮೆ ಹೋಗಿಬರಬೇಕು ಅನ್ನಿಸಿತ್ತು. ಸಾಲಿನಲ್ಲಿ ನಿಂತಾಗ ಅಭ್ಯಾಸಬಲದಿಂದ ಎರಡು ಮೂರು ಬೇಡಿಕೆ ಬಂದೇಬಿಟ್ಟವು. ಗೋವಿಂದಾ ಅಂದು ಮುಂದೆ ಹೋದೆ.

ಸಿಟ್ಟು ಪೂರ್ತಿ ಹೋಗಿಲ್ಲ. ಕಳೆದ ಬೇಸಿಗೆಯಲ್ಲಿ ಟೊಮೆಟೊ ರೇಟು ಬಿದ್ದು ಅಣ್ಣ ಕ್ರೇಟುಗಟ್ಟಲೆ ಹೊಲದಲ್ಲೇ ಸುರಿದಿದ್ದ. ಆ ಬೇಜಾರಿನಲ್ಲಿ ಔಷಧಿ ಹೊಡೆಯುವಾಗ ಫೋನ್ ಮಾಡುವುದು ಮರೆತ. ಅಂಚಿನ ಸಾಲುಗಳ ಸೊಪ್ಪು ಹಾಳಾಯಿತು. ನಾನು ಕಲ್ಲಿನ ಮೇಲೆ ಕೂತು ಅಷ್ಟಾಕ್ಷರಿ ಹೇಳಿದೆ. ಆಮೇಲೆ ಹೋಗಿ ಹೇಳಿದೆ. ದನಿ ಸ್ವಲ್ಪ ಏರಿತು, ಇಲ್ಲ ಅನ್ನುವುದಿಲ್ಲ. ಈಗ ಇಬ್ಬರೂ ಸೇರಿ ನಡುವಿನ ಬದುವಿಗೆ ನೆರಳು ಪರದೆ ಕಟ್ಟುವ ಮಾತು ನಡೆದಿದೆ. ಖರ್ಚು ಅರ್ಧ ಅರ್ಧ ಅಂತ ಅವನು, ಔಷಧಿ ಹೊಡೆಯುವವನು ನೀನಲ್ವಾ, ಮುಕ್ಕಾಲು ನಿನ್ನದು ಅಂತ ನಾನು. ಅತ್ತೆಯ ಹತ್ತಿರ ಹೋಗಿದ್ದೇವೆ. ಅವಳು ಕೈವಾರದಿಂದ ಬಂದ ಮೇಲೆ ಹೇಳುತ್ತೇನೆ ಅಂದಿದ್ದಾಳೆ.